ಓದುಗರು ಕೇಳಿದ್ದು: ಮಹಾಯುದ್ಧಗಳಲ್ಲಿ ಪಂಜಾಬಿನ ಸಿಪಾಯಿಗಳು

ಕಳೆದ ಸಂಚಿಕೆಯ ಈ ಅಂಕಣದಲ್ಲಿ ದೆಹಲಿಯ ಇಂಡಿಯಾ ಗೇಟ್ ಯಾರ ಸ್ಮಾರಕ ಎಂಬ ಪ್ರಶ್ನೆಗೆ ಉತ್ತರಿಸಿದ್ದೆವು. 1931ರಲ್ಲಿ ಉದ್ಘಾಟನೆಯಾದ ಆ ಕಮಾನಿನ ಮೇಲೆ ಮೊದಲ ಮಹಾಯುದ್ಧದಲ್ಲಿಯೂ ಅಫ್ಘಾನ್ ಗಡಿಯ ಕದನಗಳಲ್ಲಿಯೂ ಮಡಿದ 13 ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರುಗಳಿವೆ ಎಂದು ಅಲ್ಲಿ ತಿಳಿಸಲಾಗಿತ್ತು. ಅದನ್ನು ಓದಿದವರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಪಂಜಾಬಿನ ಸೈನಿಕರನ್ನು ಕುರಿತವಾದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವರಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಬ್ರಿಟಿಷರ ಭಾರತೀಯ ಸೈನ್ಯದಲ್ಲಿ ಪಂಜಾಬಿಗಳು ಅಷ್ಟೊಂದು ಸಂಖ್ಯೆಯಲ್ಲಿ ಇದ್ದುದಕ್ಕೆ ಅವರ ಶೌರ್ಯವೇ ಕಾರಣವೆ?

ಉತ್ತರ: ಶೌರ್ಯ ಪಂಜಾಬಿನ ಸ್ವತ್ತು ಮಾತ್ರವಲ್ಲ, ಹಾಗೆಂದು ನಂಬಿಸಿದ್ದು ಬ್ರಿಟಿಷರ ಒಂದು ಆಡಳಿತ ನೀತಿ. 1857ರ ದಂಗೆಯಲ್ಲಿ ಬಂಗಾಳ ಸೈನ್ಯದ ಬಹುಭಾಗ ತಿರುಗಿಬಿದ್ದಾಗ ಅದನ್ನು ಅಡಗಿಸಲು ನೆರವಾದದ್ದು ಪಂಜಾಬಿನ ಹೊಸ ಪಡೆಗಳು. ಅಂದಿನಿಂದ ಸೈನ್ಯದ ಭರ್ತಿ ಕ್ರಮೇಣ ಪೂರ್ವದಿಂದಲೂ ದಕ್ಷಿಣದಿಂದಲೂ ವಾಯವ್ಯದ ಕಡೆಗೆ ಸರಿಯಿತು. 1885ರಿಂದ 1893ರವರೆಗೆ ಭಾರತದ ಸೇನಾಧಿಪತಿಯಾಗಿದ್ದ ರಾಬರ್ಟ್ಸ್, ಕೆಲವು ಜನಾಂಗಗಳು ಹುಟ್ಟಿನಿಂದಲೇ ಯುದ್ಧಕ್ಕೆ ಯೋಗ್ಯ, ಉಳಿದವು ಅಲ್ಲ ಎಂಬ ವಾದವನ್ನು ಭರ್ತಿಯ ನಿಯಮವನ್ನಾಗಿಯೇ ಮಾಡಿದರು. ಮದರಾಸು ಸೈನ್ಯದ ಹಳೆಯ ಪಲ್ಟಣಗಳು ಕರಗುತ್ತ ಹೋದದ್ದು ಇದೇ ಕಾಲದಲ್ಲಿ.

ಇದು ಸರ್ಕಾರದ ಕಡೆಯ ಕಾರಣವಾಯಿತು. ಹಳ್ಳಿಯ ಕಡೆಯಿಂದ ನೋಡಿದರೆ ಬೇರೆ ಲೆಕ್ಕ ಕಾಣಿಸುತ್ತದೆ. ರಾವಲ್ಪಿಂಡಿ, ಝೇಲಂ ಜಿಲ್ಲೆಗಳ ಮಳೆಯಾಶ್ರಿತ ಒಣಭೂಮಿಯಲ್ಲಿ ಬೆಳೆ ನಂಬುವಂತಿರಲಿಲ್ಲ. ಮಧ್ಯ ಪಂಜಾಬಿನ ಜಲಂಧರ್, ಹೋಶಿಯಾರ್‌ಪುರಗಳಲ್ಲಿ ಭೂಮಿ ಚೆನ್ನಾಗಿದ್ದರೂ ತಲೆಮಾರಿನಿಂದ ತಲೆಮಾರಿಗೆ ಹರಿದು ಹಂಚಿಹೋಗಿ ಒಂದು ಕುಟುಂಬಕ್ಕೆ ಸಾಲುತ್ತಿರಲಿಲ್ಲ. ಸಿಪಾಯಿಯ ಸಂಬಳ ಮೊದಲ ಮಹಾಯುದ್ಧ ಆರಂಭವಾದಾಗ ತಿಂಗಳಿಗೆ 11 ರೂಪಾಯಿ. ದೊಡ್ಡ ಮೊತ್ತವೇನಲ್ಲ, ಆದರೆ ತಿಂಗಳು ತಪ್ಪದೆ ಬರುವ ಹಣ, ಹಿಂದೆ ಪಿಂಚಣಿ. ಇದಕ್ಕೂ ಮಿಗಿಲಾದ ಆಕರ್ಷಣೆಯೆಂದರೆ ಭೂಮಿ. ಚೆನಾಬ್, ಝೇಲಂ, ರಾವಿ ನದಿಗಳಿಂದ ಕಾಲುವೆ ತೋಡಿ ಸರ್ಕಾರ ಪಶ್ಚಿಮ ಪಂಜಾಬಿನ ಬೀಳುಭೂಮಿಯನ್ನು ಸಾಗುವಳಿಗೆ ತಂದಿತ್ತು. ಲಾಯಲ್‌ಪುರ ಹುಟ್ಟಿದ್ದು ಹಾಗೆ. ಇಂದು ಅದು ಪಾಕಿಸ್ತಾನದ ಫೈಸಲಾಬಾದ್. ಆ ಕಾಲುವೆ ವಸಾಹತುಗಳಲ್ಲಿ ಒಳ್ಳೆಯ ಸೇವೆ ಸಲ್ಲಿಸಿದ ಸಿಪಾಯಿಗೆ ನೀರಾವರಿ ಜಮೀನು ಸಿಗುವ ಸಾಧ್ಯತೆಯಿತ್ತು. ಐದಾರು ಬಿಘಾ ಇದ್ದವನಿಗೆ ಕಾಲುವೆಯ ಬದಿಯ ಜಮೀನಿನ ಆಸೆ ಎಂಥದೆಂದು ರೈತರ ಮನೆಯಲ್ಲಿ ಬೆಳೆದ ಓದುಗರಿಗೆ ವಿವರಿಸಬೇಕಾಗಿಲ್ಲ.

1914ರಲ್ಲಿ ಯುದ್ಧ ಶುರುವಾದಾಗ ಸುಮಾರು ಒಂದು ಲಕ್ಷ ಪಂಜಾಬಿಗಳು ಸೈನ್ಯದಲ್ಲಿದ್ದರು. ಯುದ್ಧ ಮುಗಿಯುವ ಹೊತ್ತಿಗೆ ಮತ್ತೆ ಮೂರೂವರೆ ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಇವರೆಲ್ಲರೂ ತಾವಾಗಿ ಬಂದವರು ಎಂದು ಹೇಳಲಾಗದು. 1917ರ ಹೊತ್ತಿಗೆ, ಸ್ವಇಚ್ಛೆಯಿಂದ ಬರುವವರು ಬತ್ತಿದ ಮೇಲೆ, ಲೆಫ್ಟಿನೆಂಟ್ ಗವರ್ನರ್ ಮೈಕಲ್ ಓಡ್ವಯರ್ ಆಡಳಿತವು ಜಿಲ್ಲೆಗೆ ಇಷ್ಟು ಜನ ಎಂದು ಗೊತ್ತುಮಾಡಿ, ಆ ಹೊರೆಯನ್ನು ತಹಶೀಲ್ದಾರರ ಮೇಲೂ, ಅವರ ಮೂಲಕ ಜೈಲ್‌ದಾರ (ಕೆಲವು ಹಳ್ಳಿಗಳ ಗುಂಪಿನ ಮುಖ್ಯಸ್ಥ), ಲಂಬರ್‌ದಾರರ (ಕಂದಾಯ ಎತ್ತುವ ಹಳ್ಳಿಯ ಮುಖಂಡ) ಮೇಲೂ ಹೊರಿಸಿತು. ಹಳ್ಳಿಯ ಮುಖಂಡನಿಗೆ ತಲೆಯೆಣಿಕೆ ಒಪ್ಪಿಸಬೇಕಾಗಿ ಬಂದಾಗ ಏನಾಗುತ್ತದೆಂಬುದು ಊಹೆಗೆ ನಿಲುಕದ್ದಲ್ಲ. 1919ರ ಏಪ್ರಿಲ್ 13ರ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ನಂತರ ಕಾಂಗ್ರೆಸ್ಸು ನಡೆಸಿದ ವಿಚಾರಣೆಯಲ್ಲಿ ಈ ಬಲವಂತದ ಭರ್ತಿಯ ದೂರುಗಳು ಸಾಲುಸಾಲಾಗಿ ದಾಖಲಾದವು. ಅಮೃತಸರದ ಗುಂಡಿನ ಸದ್ದನ್ನೂ ಫ್ರಾನ್ಸಿನ ಗುಂಡಿನ ಸದ್ದನ್ನೂ ಬೇರೆಬೇರೆ ಪಾಠಗಳಲ್ಲಿ ಓದಿಸುವ ನಮ್ಮ ಪಠ್ಯಕ್ರಮ ಈ ನಂಟನ್ನು ಕತ್ತರಿಸಿಬಿಟ್ಟಿದೆ ಎಂಬುದು ನಮ್ಮ ಆಕ್ಷೇಪ.

ಪ್ರಶ್ನೆ: ಪಂಜಾಬಿ ಸೈನಿಕ ಎಂದರೆ ಸಿಖ್ ಸೈನಿಕ ಎಂದೇ ಅರ್ಥವೆ?

ಉತ್ತರ: ಅಲ್ಲ, ಮತ್ತು ಈ ಕಲ್ಪನೆಯೇ ಹಲವರನ್ನು ಮರೆಸಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಭರ್ತಿಯಾದವರಲ್ಲಿ ಪಂಜಾಬಿ ಮುಸ್ಲಿಮರು ಸುಮಾರು 1,36,000, ಸಿಖ್ಖರು ಸುಮಾರು 88,000. ಇವರ ಜೊತೆಗೆ ಇಂದಿನ ಹರಿಯಾಣದ ರೋಹ್ತಕ್ ಸೀಮೆಯ ಹಿಂದೂ ಜಾಟರು, ಕಾಂಗ್ರಾದ ಡೋಗ್ರಾಗಳು, ಪಂಜಾಬಿ ಕ್ರೈಸ್ತರು ಇದ್ದರು. ಸಿಖ್ಖರೊಳಗೂ ಮೇಲು ಕೀಳಿನ ಗೆರೆಗಳಿದ್ದವು. ಅಸ್ಪೃಶ್ಯರೆನಿಸಿದ್ದ ಜಾತಿಗಳಿಂದ ಬಂದ ಮಝಬಿ ಸಿಖ್ಖರನ್ನು ಸಾಮಾನ್ಯವಾಗಿ ಸಿಖ್ ಪಯೊನಿಯರ್ ಪಡೆಗಳಿಗೆ ಸೇರಿಸಿಕೊಳ್ಳಲಾಗುತ್ತಿತ್ತು, ಅಲ್ಲಿ ಬಂದೂಕಿನ ಜೊತೆಗೆ ಗುದ್ದಲಿಯನ್ನೂ ಹಿಡಿಯಬೇಕಾಗುತ್ತಿತ್ತು.

ಬ್ರಿಟಿಷರ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಸೈನಿಕ ಖುದಾದಾದ್ ಖಾನ್ ಚಕ್ವಾಲ್ ಸೀಮೆಯ ಪಂಜಾಬಿ ಮುಸ್ಲಿಮ. 1914ರ ಅಕ್ಟೋಬರ್ 31ರಂದು ಬೆಲ್ಜಿಯಂನ ಹೊಲೆಬೆಕ್ ಎಂಬಲ್ಲಿ, ಮೆಷಿನ್‌ಗನ್ ತಂಡದ ಉಳಿದವರೆಲ್ಲ ಸತ್ತ ಮೇಲೂ ಗಾಯಗೊಂಡ ಮೈಯಲ್ಲಿಯೇ ಗನ್ನನ್ನು ನಡೆಸುತ್ತಿದ್ದುದಕ್ಕೆ ಸಿಕ್ಕ ಪದಕ ಅದು. ಅದೇ ಸೀಮೆಯ ದುಲ್ಮಿಯಾಲ್ ಎಂಬ ಒಂದೇ ಹಳ್ಳಿಯಿಂದ 460 ಜನ ಆ ಯುದ್ಧಕ್ಕೆ ಹೋದರು. ಅದಕ್ಕಾಗಿ ಸರ್ಕಾರ ಆ ಹಳ್ಳಿಗೆ 1925ರಲ್ಲಿ ಒಂದು ಫಿರಂಗಿಯನ್ನು ಬಹುಮಾನವಾಗಿ ಕೊಟ್ಟಿತು.

ಪ್ರಶ್ನೆ: ಮೈಸೂರಿನ ಸೈನಿಕರನ್ನು ಬಿಟ್ಟು ಪಂಜಾಬಿನವರನ್ನು ಹೊಗಳುವುದು ಯಾಕೆ?

ಉತ್ತರ: ಹೊಗಳುತ್ತಿಲ್ಲ. 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಗೆದ್ದ ಪಡೆಗಳಲ್ಲಿ ಮೈಸೂರು ಲಾನ್ಸರ್ಸ್ ಎಂಬ ಕುದುರೆ ಪಡೆ ಇತ್ತು. ಇಂಥ ಸಂಸ್ಥಾನಗಳ ಪಡೆಗಳ ನೆನಪಿಗೆ ನಿಲ್ಲಿಸಿದ ದೆಹಲಿಯ ತೀನ್‌ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಅದು ಮಹಾರಾಜರು ಸಾಕಿ ಕಳಿಸಿದ ಸಂಸ್ಥಾನದ ಪಡೆ. ಪಂಜಾಬಿನದು ನೇರ ಬ್ರಿಟಿಷ್ ಆಡಳಿತದ ಒಂದು ಪ್ರಾಂತವನ್ನೇ ದಂಡಿಗೆ ಹೊಂದಿಸಿದ ಕತೆ.

ಪ್ರಶ್ನೆ: ಇಷ್ಟು ಜನ ಸತ್ತಿದ್ದರೂ ಅವರ ಹೆಸರುಗಳು ಎಲ್ಲಿಯೂ ಇಲ್ಲವೆಂದು ಓದಿದ್ದೇನೆ. ಇದು ನಿಜವೆ?

ಉತ್ತರ: ಭಾಗಶಃ ನಿಜ, ಮತ್ತು ಎಲ್ಲಿ ಇವೆ, ಎಲ್ಲಿ ಇಲ್ಲ ಎಂಬುದರಲ್ಲಿಯೇ ವಿಷಯ ಅಡಗಿದೆ.

ಫ್ರಾನ್ಸಿನಲ್ಲಿ ಹೆಸರುಗಳಿವೆ. 1915ರ ಮಾರ್ಚ್ 10ರಿಂದ 13ರವರೆಗೆ ನಡೆದ ನಾವ್ ಶಪೆಲ್ ಕದನದ ನೆಲದಲ್ಲಿಯೇ 1927ರಲ್ಲಿ ಎದ್ದ ಸ್ಮಾರಕದಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳನ್ನು ಕೊರೆಯಲಾಗಿದೆ. ಇಂಗ್ಲೆಂಡಿನ ಬ್ರೈಟನ್ ಅರಮನೆಯನ್ನು ಗಾಯಾಳು ಭಾರತೀಯರ ಆಸ್ಪತ್ರೆಯನ್ನಾಗಿ ಮಾಡಿದ್ದಾಗ ತೀರಿಕೊಂಡ ಹಿಂದೂ ಮತ್ತು ಸಿಖ್ ಸೈನಿಕರನ್ನು ಊರ ಹೊರಗಿನ ಗುಡ್ಡದ ಮೇಲೆ ದಹಿಸಲಾಯಿತು. ಅಲ್ಲಿ 1921ರಲ್ಲಿ ಛತ್ರಿ ಎಂದು ಕರೆಯುವ ಒಂದು ಸ್ಮಾರಕ ಮಂಟಪ ನಿರ್ಮಾಣವಾಯಿತು. ಯುರೋಪಿನ ಕಣ್ಣೆದುರು ಸತ್ತವರಿಗೆ ಗೌರವ ಸಂದಿತು ಎಂದು ಒಪ್ಪಬೇಕು.

ಆದರೆ ಭಾರತೀಯ ಕಾಲಾಳುಗಳನ್ನು 1915ರ ಕೊನೆಯಲ್ಲಿ ಫ್ರಾನ್ಸಿನಿಂದ ತೆಗೆದು ಮೆಸೊಪೊಟೇಮಿಯಾಕ್ಕೆ, ಎಂದರೆ ಇಂದಿನ ಇರಾಕಿಗೆ, ಕಳಿಸಲಾಯಿತು. ಭಾರತೀಯರು ಅತಿ ಹೆಚ್ಚು ಸಂಖ್ಯೆಯಲ್ಲಿ ದುಡಿದ ಮತ್ತು ಮಡಿದ ರಣರಂಗ ಅದೇ. 1916ರ ಏಪ್ರಿಲ್ 29ರಂದು ಕುತ್ ಪಟ್ಟಣದಲ್ಲಿ ಮುತ್ತಿಗೆಗೆ ಸಿಕ್ಕಿದ್ದ ಪಡೆ ಹಸಿವಿನಿಂದ ಬಳಲಿ ತುರ್ಕರಿಗೆ ಶರಣಾಯಿತು. ಅದನ್ನು ಬಿಡಿಸಲು ನಡೆದ ಪ್ರಯತ್ನಗಳಲ್ಲಿ ಮತ್ತೆ ಸಾವಿರಾರು ಜನ ಬಿದ್ದರು. ಇವರ ನೆನಪಿಗೆ 1929ರಲ್ಲಿ ಬಸ್ರಾದಲ್ಲಿ ಕಟ್ಟಿದ ಸ್ಮಾರಕದಲ್ಲಿ 40 ಸಾವಿರಕ್ಕೂ ಹೆಚ್ಚು ಮಂದಿಯ ಸ್ಮರಣೆಯಿದೆ. ಅಲ್ಲಿ ಬ್ರಿಟಿಷ್ ಅಧಿಕಾರಿಯಿಂದ ಸಾಮಾನ್ಯ ಬ್ರಿಟಿಷ್ ಸೈನಿಕನವರೆಗೆ ಎಲ್ಲರ ಹೆಸರುಗಳಿದ್ದವು, ಭಾರತೀಯ ಅಧಿಕಾರಿಗಳ ಹೆಸರುಗಳೂ ಇದ್ದವು; ಭಾರತೀಯ ಸಿಪಾಯಿ, ನಾಯಕ, ಹವಾಲ್ದಾರರ ವಿಷಯಕ್ಕೆ ಬಂದಾಗ ಮಾತ್ರ ರೆಜಿಮೆಂಟಿನ ಹೆಸರು ಮತ್ತು ಅದರ ಮುಂದೆ ಸತ್ತವರ ಸಂಖ್ಯೆ. ಬ್ರಿಟಿಷ್ ಸಾಮ್ರಾಜ್ಯದ ಸೈನಿಕರ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳುವ ಯುದ್ಧ ಸಮಾಧಿ ಆಯೋಗ 1917ರಲ್ಲಿ ಹುಟ್ಟಿದಾಗ ಅಂತಸ್ತು, ಜಾತಿ, ಧರ್ಮಗಳ ಭೇದವಿಲ್ಲದೆ ಸತ್ತವರೆಲ್ಲರಿಗೂ ಸಮಾನ ಗೌರವ ಎಂಬ ತತ್ವವನ್ನು ಸಾರಿಕೊಂಡಿತ್ತು. ಆ ತತ್ವ ಫ್ರಾನ್ಸಿನಲ್ಲಿ ನಡೆಯಿತು, ಬಸ್ರಾಕ್ಕೆ ಬರುವಷ್ಟರಲ್ಲಿ ಸಂಖ್ಯೆಯಾಗಿ ಇಳಿಯಿತು.

ಇದನ್ನು ಆ ಆಯೋಗವೇ ಈಗ ಒಪ್ಪಿಕೊಂಡಿದೆ. 2021ರ ಏಪ್ರಿಲ್‌ನಲ್ಲಿ ಪ್ರಕಟವಾದ ಅದರ ವಿಶೇಷ ಸಮಿತಿಯ ವರದಿಯ ಪ್ರಕಾರ, ಭಾರತೀಯರೂ ಆಫ್ರಿಕನ್ನರೂ ಸೇರಿದಂತೆ 45 ಸಾವಿರದಿಂದ 54 ಸಾವಿರದಷ್ಟು ಮಂದಿಯನ್ನು ಅಸಮಾನವಾಗಿ ಸ್ಮರಿಸಲಾಗಿತ್ತು. ಇನ್ನೂ ಕನಿಷ್ಠ 1,16,000 ಮಂದಿಯ ಹೆಸರನ್ನು ದಾಖಲಿಸಿರಲಿಲ್ಲ ಅಥವಾ ಸ್ಮರಣೆಯೇ ಆಗಿರಲಿಲ್ಲ, ಮತ್ತು ಈ ಸಂಖ್ಯೆ ಮೂರೂವರೆ ಲಕ್ಷದವರೆಗೂ ಇರಬಹುದು. ಆ ಎರಡನೆಯ ಗುಂಪಿನಲ್ಲಿ ಆಫ್ರಿಕನ್ನರೇ ಬಹಳ ಎಂಬುದನ್ನು ನಮ್ಮವರ ಲೆಕ್ಕ ಹೇಳುವ ಭರದಲ್ಲಿ ಮರೆಯಬಾರದು. ಬ್ರಿಟನ್ನಿನ ರಕ್ಷಣಾ ಸಚಿವರು ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ಇನ್ನು ಪಂಜಾಬಿನ ಹಳ್ಳಿಗಳಲ್ಲಿಯೇ ಸರ್ಕಾರ ನೆಡಿಸಿದ ಕಲ್ಲುಹಲಗೆಗಳಿವೆ. ಈ ಹಳ್ಳಿಯಿಂದ ಇಷ್ಟು ಜನ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು ಎಂಬಷ್ಟೇ ಒಕ್ಕಣೆ; ಅಲ್ಲಿಯೂ ಹೆಸರುಗಳಿಲ್ಲ. ಆ ಹೊತ್ತಿಗೆ ಊರಿಗೆಲ್ಲ ಹೆಸರುಗಳು ಗೊತ್ತಿದ್ದಿರಬೇಕು. 1947ರಲ್ಲಿ ಅರ್ಧ ಊರು ಗಡಿಯಾಚೆಗೆ ಹೋಗಿ, ಆಚೆಯವರು ಈಚೆಗೆ ಬಂದು ನೆಲೆಸಿದ ಮೇಲೆ, ಹಲಗೆಯ ಮೇಲಿನ ಸಂಖ್ಯೆ ಯಾರನ್ನು ಸೂಚಿಸುತ್ತದೆಂದು ಹೇಳಬಲ್ಲವರು ಆ ಊರಿನಲ್ಲಿ ಉಳಿಯಲಿಲ್ಲ.

ಹಾಗಾದರೆ ಹೆಸರುಗಳು ಕಳೆದೇ ಹೋದವೆ? ಇಲ್ಲ. ಯುದ್ಧ ಮುಗಿದ ಕೂಡಲೆ, 1919ರಲ್ಲಿ, ಪಂಜಾಬ್ ಸರ್ಕಾರ ಹಳ್ಳಿಹಳ್ಳಿಯಿಂದ ವಿವರ ತರಿಸಿ ಬರೆಸಿದ ರಿಜಿಸ್ಟರುಗಳು ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಸುಮಾರು ನೂರು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದವು. ಅವುಗಳಲ್ಲಿ ಸುಮಾರು 3,20,000 ಸೈನಿಕರ ವಿವರಗಳಿವೆ. ಬ್ರಿಟನ್ನಿನ ಪಂಜಾಬಿ ಪರಂಪರೆಯ ಸಂಘವೂ ಗ್ರೀನ್‌ವಿಚ್ ವಿಶ್ವವಿದ್ಯಾಲಯವೂ ಸೇರಿ, ಮೊದಲ ಕಂತಿನಲ್ಲಿ ಜಲಂಧರ್, ಲುಧಿಯಾನಾ, ಸಿಯಾಲ್‌ಕೋಟ್ ಜಿಲ್ಲೆಗಳ ಸುಮಾರು 45 ಸಾವಿರ ದಾಖಲೆಗಳನ್ನು 2021ರ ನವೆಂಬರ್‌ನಲ್ಲಿ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟವು. ಮೂರರಲ್ಲಿ ಎರಡು ಜಿಲ್ಲೆ ಭಾರತದಲ್ಲಿ, ಒಂದು ಪಾಕಿಸ್ತಾನದಲ್ಲಿ, ದಾಖಲೆ ಲಾಹೋರಿನಲ್ಲಿ, ಹುಡುಕಿದವರು ಇಂಗ್ಲೆಂಡಿನಲ್ಲಿ. ಎರಡೂ ದೇಶಗಳ ಸರ್ಕಾರಗಳಿಗೆ ಈ ಕೆಲಸ ಹೊಳೆಯಲಿಲ್ಲವೆಂಬುದನ್ನು ಗಮನಿಸಬೇಕು.

ಪ್ರಶ್ನೆ: ಅವರು ಹೋರಾಡಿದ್ದು ನಮ್ಮನ್ನಾಳಿದವರಿಗಾಗಿ. ಅಂಥ ಕೂಲಿ ಸಿಪಾಯಿಗಳನ್ನು ಸ್ವತಂತ್ರ ಭಾರತ ಏಕೆ ನೆನೆಯಬೇಕು?

ಉತ್ತರ: ಬಂದ ಪತ್ರಗಳಲ್ಲಿ ಇದು ಅತ್ಯಂತ ಖಾರವಾದ ಪ್ರಶ್ನೆ, ಮತ್ತು ತಳ್ಳಿಹಾಕುವಂಥದಲ್ಲ. ಆದರೆ ಕೂಲಿ ಸಿಪಾಯಿ ಎಂಬ ಮಾತೂ, ಸ್ವಾಮಿನಿಷ್ಠ ವೀರ ಎಂಬ ಬ್ರಿಟಿಷರ ಮಾತೂ, ಎರಡೂ ಆ ಮನುಷ್ಯನ ಕಡೆಗೆ ನೋಡದೆ ಆಡಿದವು ಎಂಬುದು ನಮ್ಮ ಅಭಿಪ್ರಾಯ. ಸೈನಿಕರು ಬರೆಸಿದ ಪತ್ರಗಳನ್ನು ಸರ್ಕಾರ ಒಡೆದು ಓದುತ್ತಿತ್ತು, ಅನುವಾದಿಸಿ ಇಡುತ್ತಿತ್ತು. ಆ ಪರಿಶೀಲನೆಯ ದೆಸೆಯಿಂದಲೇ ಇಂದು ನಮಗೆ ಅವರ ಮಾತು ಸಿಗುತ್ತದೆ. ಅದರಲ್ಲಿ ಚಕ್ರವರ್ತಿಯ ಉಪ್ಪಿನ ಋಣದ ಮಾತು ಇದೆ. ಯಾರನ್ನೂ ಭರ್ತಿಗೆ ಕಳಿಸಬೇಡಿ ಎಂದು ಮನೆಯವರಿಗೆ ಕೊಟ್ಟ ಗುಟ್ಟಿನ ಎಚ್ಚರಿಕೆಯೂ ಇದೆ. ಭಾರತೀಯ ಸೈನಿಕರನ್ನು ಕರಿಮೆಣಸು ಎಂದೂ ಬ್ರಿಟಿಷರನ್ನು ಕೆಂಪು ಮೆಣಸಿನಕಾಯಿ ಎಂದೂ ಕರೆದು, ಕರಿಮೆಣಸು ತೀರುತ್ತಾ ಬಂದಿದೆ ಎಂದು ಬರೆಸಿದವರಿದ್ದರು. ಉಪ್ಪಿನ ಋಣ ಹೇಳಿದವನೂ ಮೆಣಸಿನ ಲೆಕ್ಕ ಬರೆಸಿದವನೂ ಹಲವು ವೇಳೆ ಒಬ್ಬನೇ ಆಗಿದ್ದಿರಬಹುದು.

ಬಂಡೆದ್ದವರೂ ಇವರ ನಡುವಿನವರೇ. 1915ರ ಫೆಬ್ರವರಿಯಲ್ಲಿ ಸಿಂಗಪುರದಲ್ಲಿ ದಂಗೆಯೆದ್ದ 5ನೇ ಲೈಟ್ ಇನ್‌ಫೆಂಟ್ರಿಯ ಸಿಪಾಯಿಗಳು ಅಂದಿನ ಪಂಜಾಬ್ ಪ್ರಾಂತಕ್ಕೆ ಸೇರಿದ್ದ ರೋಹ್ತಕ್, ಹಿಸ್ಸಾರ್ ಕಡೆಯ ರಾಂಘಡ್ ಮುಸ್ಲಿಮರು, ಎಂದರೆ ರಜಪೂತ ಮೂಲದವರು. 47 ಮಂದಿಯನ್ನು ಸಾರ್ವಜನಿಕರ ಎದುರಿನಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು. ಅದೇ ತಿಂಗಳು, ಬ್ರಿಟಿಷರನ್ನು ಬಂಡಾಯದಿಂದ ಹೊರದೂಡಲು ಅಮೆರಿಕದಲ್ಲಿ ನೆಲೆಸಿದ್ದ ಭಾರತೀಯರು ಕಟ್ಟಿದ ಗದರ್ ಪಕ್ಷದವರು ಲಾಹೋರಿನ 23ನೇ ಕ್ಯಾವಲ್ರಿಯ ಸವಾರರನ್ನು ಒಳಗೊಂಡು ದಂಗೆಯ ಸಂಚು ಹೂಡಿದ್ದರು.

ಎರಡನೇ ಮಹಾಯುದ್ಧದಲ್ಲಿ ಈ ಗೊಂದಲ ಇನ್ನೂ ಆಳವಾಯಿತು. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ವಶವಾದಾಗ ಸುಮಾರು 40 ಸಾವಿರ ಭಾರತೀಯ ಸೈನಿಕರು ಸೆರೆಯಾದರು. ಆಜಾದ್ ಹಿಂದ್ ಫೌಜಿನ ಮೊದಲ ರೂಪವನ್ನು ಕಟ್ಟಿದ ಮೋಹನ್ ಸಿಂಗ್ 14ನೇ ಪಂಜಾಬ್ ರೆಜಿಮೆಂಟಿನವರು. 1945ರ ನವೆಂಬರ್‌ನಲ್ಲಿ ಕೆಂಪುಕೋಟೆಯಲ್ಲಿ ವಿಚಾರಣೆಗೆ ನಿಂತ ಆ ಫೌಜಿನ ಅಧಿಕಾರಿಗಳಾದ ಶಾ ನವಾಜ್ ಖಾನ್, ಪ್ರೇಮ್ ಸಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನ್ ಮೂವರೂ ಪಂಜಾಬಿಗಳು. ಇವರನ್ನು ದೇಶ ನೆನೆಯುತ್ತದೆ, ನೆನೆಯಬೇಕಾದದ್ದೇ. ಆ ಫೌಜನ್ನು ಸೇರಲು ಒಪ್ಪದೆ ಸೆರೆಯಾಳುಗಳಾಗಿಯೇ ಉಳಿದ ಸಾವಿರಾರು ಮಂದಿಯನ್ನು ಜಪಾನೀಯರು ನ್ಯೂ ಗಿನಿ, ನ್ಯೂ ಬ್ರಿಟನ್ ದ್ವೀಪಗಳಿಗೆ ಹಡಗಿನಲ್ಲಿ ತುಂಬಿ ಕಳಿಸಿ ದುಡಿಸಿಕೊಂಡರು; ಹಸಿವು, ಕಾಯಿಲೆ, ಹೊಡೆತಗಳಿಂದ ಬಹಳ ಜನ ಅಲ್ಲಿಯೇ ಸತ್ತರು. ಬದುಕಿ ಬಂದವರಿಗೆ, ಎರಡು ವರ್ಷದೊಳಗೆ, ಕೊಟ್ಟ ಮಾತು ಯಾರಿಗೆ ಕೊಟ್ಟದ್ದೋ ಆ ಸರ್ಕಾರವೇ ಇರಲಿಲ್ಲ. ಮಾತಿಗೆ ಕಟ್ಟುಬಿದ್ದ ಇವರಿಗೆ ಯಾವ ಪಕ್ಷದ ಇತಿಹಾಸದಲ್ಲಿಯೂ ಜಾಗ ಸಿಗಲಿಲ್ಲ. ಅತ್ಯಂತ ಮರೆತುಹೋದವರು ಯಾರೆಂದು ಕೇಳಿದರೆ ನಾವು ಇವರನ್ನೇ ತೋರಿಸುತ್ತೇವೆ.

ಪ್ರಶ್ನೆ: ವಿದೇಶಗಳಲ್ಲಿ ನೆಲೆಸಿದ ಪಂಜಾಬಿ ಕುಟುಂಬಗಳಿಗೆ ಈ ಸೇವೆಯಿಂದ ಯಾವ ಗೌರವವಾದರೂ ದೊರೆಯಿತೆ?

ಉತ್ತರ: ಬಹುಕಾಲ ದೊರೆಯಲಿಲ್ಲ. ಕೆನಡಾದ ಉದಾಹರಣೆ ಸಾಕು. 1914ರ ಮೇ 23ರಂದು 376 ಪ್ರಯಾಣಿಕರನ್ನು ಹೊತ್ತು ವ್ಯಾಂಕೂವರ್ ತಲುಪಿದ ಕೊಮಗಾಟ ಮಾರು ಹಡಗನ್ನು, ಅದರಲ್ಲಿ ಮಾಜಿ ಸೈನಿಕರೂ ಇದ್ದರೂ, ಎರಡು ತಿಂಗಳು ನೀರಿನಲ್ಲಿಯೇ ನಿಲ್ಲಿಸಿ ಜುಲೈ 23ರಂದು ಹಿಂದಕ್ಕಟ್ಟಲಾಯಿತು. ಎರಡು ವಾರ ಕಳೆಯುವಷ್ಟರಲ್ಲಿ ಯುದ್ಧ ಆರಂಭವಾಗಿ, ಅದೇ ಸಾಮ್ರಾಜ್ಯಕ್ಕೆ ಅದೇ ಪಂಜಾಬಿಗಳು ಬೇಕಾದರು. ಕೆನಡಾದ ಸೈನ್ಯದಲ್ಲಿಯೇ ಬೆರಳೆಣಿಕೆಯ ಸಿಖ್ಖರು ಸೇರಿ ಯುರೋಪಿನಲ್ಲಿ ಹೋರಾಡಿದರು. ಅವರಲ್ಲೊಬ್ಬರಾದ ಬುಕ್ಕಮ್ ಸಿಂಗ್ 1919ರಲ್ಲಿ ಒಂಟಾರಿಯೊದ ಕಿಚನರ್ ಪಟ್ಟಣದಲ್ಲಿ ತೀರಿಕೊಂಡರು. ಸುಮಾರು 90 ವರ್ಷಗಳ ನಂತರ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದ ಅವರ ಪದಕದ ಜಾಡು ಹಿಡಿದು ಹುಡುಕಿದಾಗಲೇ ಅವರ ಸಮಾಧಿ ಜನರ ಗಮನಕ್ಕೆ ಬಂದದ್ದು. ಈಗ ಅಲ್ಲಿ ಪ್ರತಿ ನವೆಂಬರ್‌ನಲ್ಲಿ ಸ್ಮರಣೆ ನಡೆಯುತ್ತದೆ.

ನಡುವೆ ನಡೆದ ಒಂದು ಘಟನೆಯನ್ನು ಹೇಳದೆ ಬಿಡಲಾಗದು. 1993ರ ನವೆಂಬರ್ 11ರಂದು, ಬ್ರಿಟಿಷ್ ಕೊಲಂಬಿಯಾದ ಸರ್ರೆ ಪಟ್ಟಣದಲ್ಲಿ, ಎರಡನೇ ಮಹಾಯುದ್ಧದ ಯೋಧ ಪ್ರೀತಮ್ ಸಿಂಗ್ ಜೌಹಲ್ ಮತ್ತು ಅವರ ಜೊತೆಗಾರರು ಪದಕಗಳನ್ನು ಧರಿಸಿ ಸ್ಮರಣ ದಿನದ ಮೆರವಣಿಗೆಯಲ್ಲಿ ನಡೆದರು. ಆಮೇಲೆ ಮಾಜಿ ಸೈನಿಕರ ಸಂಘದ ಸಭಾಂಗಣದ ಬಾಗಿಲಿನಲ್ಲಿ, ತಲೆಗೆ ಪೇಟವಿದೆಯೆಂಬ ಕಾರಣಕ್ಕೆ ಅವರನ್ನು ಒಳಗೆ ಬಿಡಲಿಲ್ಲ. ಅದೇ ಪೇಟದಲ್ಲಿ ಅವರು ಯುದ್ಧ ಮಾಡಿದ್ದರು.

ಬ್ರಿಟನ್ನಿನಲ್ಲಿ ಸ್ಥಿತಿ ನಿಧಾನವಾಗಿ ಬದಲಾಗಿದೆ. ಯುದ್ಧ ಮುಗಿದ ಶತಮಾನೋತ್ಸವದ ಹೊತ್ತಿಗೆ, 2018ರಲ್ಲಿ, ಸ್ಮೆದಿಕ್ ಪಟ್ಟಣದಲ್ಲಿ ಅಲ್ಲಿನ ಗುರುದ್ವಾರದ ನೆರವಿನಿಂದ ಸಿಖ್ ಸೈನಿಕನ ಕಂಚಿನ ಪ್ರತಿಮೆ ನಿಂತಿತು. ಭಾರತದ ಪಂಜಾಬಿನಲ್ಲಿ ಉಳಿದವರ ಸಮಸ್ಯೆ ಪ್ರತಿಮೆಯದಲ್ಲ, ಹೊಟ್ಟೆಯದು. ಎರಡನೇ ಮಹಾಯುದ್ಧಕ್ಕಾಗಿ ಸೇರಿ, ಯುದ್ಧ ಮುಗಿದೊಡನೆ ಬಿಡುಗಡೆಯಾದವರಿಗೆ ಪಿಂಚಣಿಗೆ ಬೇಕಾದ ವರ್ಷಗಳು ತುಂಬಿರಲಿಲ್ಲ. ಅಂಥವರಿಗೂ ಅವರ ವಿಧವೆಯರಿಗೂ ರಾಜ್ಯ ಸರ್ಕಾರ ಮಾಸಿಕ ನೆರವಿನ ಯೋಜನೆ ನಡೆಸುತ್ತಿದೆ, ಅರ್ಜಿ ಹೋಗಬೇಕಾದದ್ದು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ.

ಪ್ರಶ್ನೆ: ನನ್ನ ಸೊಸೆ ಲುಧಿಯಾನಾ ಕಡೆಯವಳು. ಅವಳ ಮುತ್ತಜ್ಜನದು ಎನ್ನಲಾದ ಒಂದು ಪದಕ ಮನೆಯಲ್ಲಿದೆ, ಬೇರೇನೂ ಗೊತ್ತಿಲ್ಲ. ಹುಡುಕುವುದು ಹೇಗೆ?

ಉತ್ತರ: ಮೊದಲು ಪದಕದ ಮುಖವನ್ನಲ್ಲ, ಅಂಚನ್ನು ನೋಡಿ. ಮೊದಲ ಮಹಾಯುದ್ಧದ ಪದಕವಾದರೆ ಅಂಚಿನ ಸುತ್ತ ಸೈನಿಕನ ಸಂಖ್ಯೆ, ಹುದ್ದೆ, ಹೆಸರು, ಪಡೆಯ ಹೆಸರು ಕೆತ್ತಿರುತ್ತದೆ. ನಕ್ಷತ್ರದ ಆಕಾರದ್ದಾದರೆ ಬೆನ್ನಿನ ಮೇಲಿರುತ್ತದೆ. ದಯವಿಟ್ಟು ಹುಣಿಸೆಹಣ್ಣು ಹಾಕಿ ಉಜ್ಜಬೇಡಿ, ಸವೆದ ಅಕ್ಷರ ಮತ್ತೆ ಸಿಗುವುದಿಲ್ಲ.

ಪಡೆಯ ಹೆಸರು ಸಿಕ್ಕ ಮೇಲೆ ಅದು ಈಗ ಯಾವುದು ಎಂದು ನೋಡಬೇಕು, ಏಕೆಂದರೆ 1922ರಲ್ಲಿ ಬಹುಪಾಲು ಪಡೆಗಳ ಸಂಖ್ಯೆಗಳನ್ನು ಬದಲಿಸಲಾಯಿತು. 15ನೇ ಲುಧಿಯಾನಾ ಸಿಖ್ಸ್ ಎಂದಿದ್ದದ್ದು 11ನೇ ಸಿಖ್ ರೆಜಿಮೆಂಟಿನ ಎರಡನೇ ಬೆಟಾಲಿಯನ್ ಆಯಿತು. 89ನೇ ಪಂಜಾಬೀಸ್ ಎಂದಿದ್ದದ್ದು 8ನೇ ಪಂಜಾಬ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಆಗಿ, 1947ರಲ್ಲಿ ಪಾಕಿಸ್ತಾನದ ಪಾಲಾಯಿತು. ಸೊಸೆಯ ಮುತ್ತಜ್ಜ ಸಿಖ್ಖರಾಗಿದ್ದರೂ ಅವರ ಪಡೆಯ ಪರಂಪರೆ ಇಂದು ಗಡಿಯಾಚೆ ಇರಬಹುದು, ಅದಕ್ಕೆ ಬೆರಗಾಗಬೇಕಿಲ್ಲ.

ಆಮೇಲೆ ಲಾಹೋರಿನ ರಿಜಿಸ್ಟರುಗಳ ಜಾಲತಾಣದಲ್ಲಿ ಹಳ್ಳಿಯ ಹೆಸರು ಹಾಕಿ ಹುಡುಕಿ. ಲುಧಿಯಾನಾ ಮೊದಲ ಕಂತಿನಲ್ಲಿಯೇ ಇರುವುದು ನಿಮ್ಮ ಅದೃಷ್ಟ. ಆದರೆ ಕುಟುಂಬ ವಿಭಜನೆಯ ನಂತರ ಅಲ್ಲಿಗೆ ಬಂದದ್ದೋ ಅಥವಾ ಮೊದಲಿನಿಂದ ಅಲ್ಲಿನದೋ ಎಂದು ಬೀಗರ ಮನೆಯ ಹಿರಿಯರನ್ನು ಮೊದಲೇ ಕೇಳಿಕೊಳ್ಳಿ. ಕಾಲುವೆ ವಸಾಹತಿಗೆ ಹೋಗಿ ನೆಲೆಸಿ, 1947ರಲ್ಲಿ ಹಿಂದಿರುಗಿದ ಕುಟುಂಬಗಳು ಬಹಳ ಇವೆ, ಮತ್ತು ಅಂಥವರ ಹೆಸರು ಬೇರೆ ಜಿಲ್ಲೆಯ ಸಂಪುಟದಲ್ಲಿ ಇರಬಹುದು. ಒಂದೇ ಹಳ್ಳಿಯಲ್ಲಿ ಒಂದೇ ಹೆಸರಿನ ನಾಲ್ಕಾರು ಸಿಂಗರು ಇರುವುದು ಸಾಮಾನ್ಯವಾದ್ದರಿಂದ ತಂದೆಯ ಹೆಸರು ತಿಳಿಯದೆ ಗುರುತಿಸುವುದು ಕಷ್ಟ. ಇಂಗ್ಲಿಷ್ ಗುಮಾಸ್ತರ ಕಿವಿಗೆ ಬಿದ್ದಂತೆ ಹೆಸರಿನ ಕಾಗುಣಿತ ಬದಲಾಗಿರುತ್ತದೆ, ಎರಡು ಮೂರು ಬಗೆಯಲ್ಲಿ ಬರೆದು ನೋಡಿ.

ಅವರು ಯುದ್ಧದಲ್ಲಿ ತೀರಿಕೊಂಡಿದ್ದರೆ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಹೆಸರು ಮತ್ತು ಸಂಖ್ಯೆಯಿಂದ ಹುಡುಕಬಹುದು. ಬದುಕಿ ಬಂದಿದ್ದರೆ ವೈಯಕ್ತಿಕ ಸೇವಾ ಕಡತ ಸಿಗುವ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಸಾಮಾನ್ಯ ಸಿಪಾಯಿಗಳ ಕಡತಗಳು ಲಂಡನ್ನಿನಲ್ಲಿ ಸಿಗುವುದು ತೀರ ಅಪರೂಪ. ಅವರ ಪಡೆ ಯಾವ ದಿನ ಎಲ್ಲಿತ್ತು ಎಂಬ ಯುದ್ಧ ದಿನಚರಿಗಳು ಮಾತ್ರ ಲಂಡನ್ ಬಳಿಯ ಕ್ಯೂ ಎಂಬಲ್ಲಿರುವ ಬ್ರಿಟಿಷ್ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಪದಕ ಎರಡನೇ ಮಹಾಯುದ್ಧದ್ದು ಎಂದು ತಿಳಿದುಬಂದರೆ ದಾರಿ ಬೇರೆ: ಸಿಖ್ ಮತ್ತು ಪಂಜಾಬ್ ರೆಜಿಮೆಂಟುಗಳೆರಡರ ಕೇಂದ್ರಗಳೂ ಝಾರ್ಖಂಡದ ರಾಮಗಢದಲ್ಲಿವೆ, ಸೈನಿಕನ ಸಂಖ್ಯೆಯನ್ನು ತಪ್ಪಿಲ್ಲದೆ ನಮೂದಿಸಿ ಅಲ್ಲಿನ ದಾಖಲೆ ಕಚೇರಿಗೆ ಬರೆಯಿರಿ. ಪತ್ರವನ್ನು ಸೊಸೆಯ ಹೆಸರಿನಲ್ಲಿಯೇ ಕಳಿಸುವುದು ಒಳ್ಳೆಯದು, ಏಕೆಂದರೆ ಅವರು ಮೊದಲು ಕೇಳುವುದು ಸಂಬಂಧವೇನು ಎಂದು.